ಅಜ್ಜಿ ಊರಿಗೆ ಮೂರು ಕ್ರೆಡಿಟ್ಟಾ?



ನಾನು ವಾರಪೂರ್ತಿ ಕೋಡ್ ಬರೆಯುವವಳು, ಭಾನುವಾರ ಬೆಳಿಗ್ಗೆ ನಮ್ಮ ಶಾಲೆಯ ಮೂರನೇ ಹಂತದ ಮಕ್ಕಳಿಗೆ ಒತ್ತಕ್ಷರ ಕಲಿಸುವವಳು. ಈ ಪತ್ರಿಕೆಗೆ ಪ್ರತಿ ವರ್ಷ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕೇಳ್ತಾರೆ. ನಾನೂ ಯುಗಾದಿ, ಒಗಟು, ಗಾದೆ ಅಂತ ಏನಾದರೂ ಒಂದು ಪುಟ ಬರೆದು ಕೈ ತೊಳ್ಕೊಳ್ತೀನಿ. ಈ ಸಲ ಹಾಗಲ್ಲ. ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಅದರಿಂದ ನನಗೆ ಬಂದಿರುವ ಒಂದು ಅಭಿಪ್ರಾಯವನ್ನೂ ನಿಮ್ಮ ಮುಂದೆ ಇಡಬೇಕಾಗಿದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತ್ಕೊಳ್ಳಿ.

ನನ್ನ ದೊಡ್ಡ ಮಗಳು ಇದೇ ಶಾಲೆಯಲ್ಲಿ ಏಳು ವರ್ಷ ಕನ್ನಡ ಕಲಿತವಳು. ಈಗ ಇಲ್ಲಿಯ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಿಸಿನೆಸ್ ಓದ್ತಾ ಇದ್ದಾಳೆ. (ಹೌದು, ಕಂಪ್ಯೂಟರ್ ಸೈನ್ಸ್ ಅಲ್ಲ. ಪಾಟ್‌ಲಕ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನಗೆ ಅಭ್ಯಾಸ ಆಗಿದೆ.) ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದಾಗ ಊಟದ ಮಧ್ಯೆ ಹೇಳಿದಳು, "ಅಮ್ಮಾ, ಸ್ಪ್ರಿಂಗ್ ಸೆಮಿಸ್ಟರ್‌ನಲ್ಲಿ ಒಂದು ಕೋರ್ಸ್ ತಗೊಳ್ತೀನಿ. ಮೂರು ಕ್ರೆಡಿಟ್. ಕೊನೆಯಲ್ಲಿ ಹತ್ತು ದಿನ ಸ್ಟಡಿ ಟ್ರಿಪ್ ಇರುತ್ತೆ."

"ಎಲ್ಲಿಗೆ? ಲಂಡನ್ನಾ?"

"ಇಲ್ಲ. ಬೆಂಗಳೂರಿಗೆ."

ನಾನು ನಕ್ಕುಬಿಟ್ಟೆ. ಕೋರ್ಸ್ ಫೀಸಿನ ಮೇಲೆ ಟ್ರಿಪ್‌ಗೆ ಬೇರೆ 3,200 ಡಾಲರ್, ವಿಮಾನದ ಟಿಕೆಟ್ ಪ್ರತ್ಯೇಕ. "ಹನುಮಂತನಗರದಲ್ಲಿ ಅಜ್ಜಿ ಮನೆ ಇದೆ. ಎರಡು ವರ್ಷಕ್ಕೊಂದು ಸಲ ಹೋಗಿಬರ್ತೀವಿ. ಅದೇ ಊರು ನೋಡೋಕೆ ಮೂರು ಸಾವಿರ ಡಾಲರ್ ಕೊಟ್ಟು, ಅಮೆರಿಕದ ಪ್ರೊಫೆಸರ್ ಹಿಂದೆ ಬಸ್ಸಲ್ಲಿ ಹೋಗ್ತೀಯಾ? ಬೇಕಾದರೆ ಜಪಾನಿಗೆ ಹೋಗು, ಚಿಲಿಗೆ ಹೋಗು. ಅಜ್ಜಿ ಊರಿಗೆ ಮೂರು ಕ್ರೆಡಿಟ್ಟಾ?" ಅಂದೆ.

ಅವಳು ಜಗಳ ಆಡಲಿಲ್ಲ. ಒಂದೇ ಮಾತು ಕೇಳಿದಳು: "ಅಮ್ಮಾ, ಬೆಂಗಳೂರಲ್ಲಿ ನಾನು ಏನು ನೋಡಿದ್ದೀನಿ ಹೇಳು."

ನಾನು ಲೆಕ್ಕ ಹಾಕಿದೆ. ಅಜ್ಜಿ ಮನೆ, ಚಿಕ್ಕಮ್ಮನ ಮನೆ, ಮೂರು ಮದುವೆ ಛತ್ರ, ಎರಡು ಮಾಲ್, ಬಟ್ಟೆ ಅಂಗಡಿಗಳು, ದೊಡ್ಡ ಗಣಪತಿ ದೇವಸ್ಥಾನ, ಗಾಂಧಿ ಬಜಾರ್‌ನಲ್ಲಿ ದೋಸೆ, ಏರ್‌ಪೋರ್ಟ್. ಹತ್ತೊಂಬತ್ತು ವರ್ಷದಲ್ಲಿ ಎಂಟು ಸಲ ಹೋಗಿಬಂದ ಹುಡುಗಿ ನೋಡಿದ್ದು ಇಷ್ಟೇ. ನಿಮ್ಮ ಮನೆ ಮಕ್ಕಳ ಪಟ್ಟಿಯನ್ನೂ ಒಮ್ಮೆ ಬರೆದು ನೋಡಿ. ಇದಕ್ಕಿಂತ ಬಹಳ ಬೇರೆ ಇರಲಾರದು.

ಕೊನೆಗೆ ಒಪ್ಪಿದೆ, ಆದರೆ ಮನಸ್ಸಿಲ್ಲದೆ ಒಪ್ಪಿದೆ. ಈಗ ಹೇಳ್ತೀನಿ, ನಾನು ಅಂದುಕೊಂಡಿದ್ದು ತಪ್ಪು.

ಮೊದಲು ಈ ಕೋರ್ಸ್ ಅಂದರೆ ಏನು ಅಂತ ಹೇಳಿಬಿಡ್ತೀನಿ, ಯಾಕೆಂದರೆ ಹೈಸ್ಕೂಲ್ ಮಕ್ಕಳಿರುವ ಬಹಳ ಮನೆಗಳಲ್ಲಿ ಮುಂದೆ ಈ ಮಾತು ಬರುತ್ತೆ. ನಾವು ಇಂಜಿನಿಯರಿಂಗ್ ಓದಿದ ಕಾಲದಲ್ಲಿ ನಮಗಿದ್ದದ್ದು 'ಇಂಡಸ್ಟ್ರಿಯಲ್ ಟೂರ್'. ಹಾಸನದಿಂದ ಬಸ್ ಮಾಡಿಕೊಂಡು ಹೋಗಿ ಒಂದು ಫ್ಯಾಕ್ಟರಿಯಲ್ಲಿ ಒಂದು ಗಂಟೆ, ಮಿಕ್ಕ ಮೂರು ದಿನ ಗೋವಾ! ಇದು ಅಂಥದ್ದಲ್ಲ. ಬಿಸಿನೆಸ್ ಶಾಲೆಗಳು ಇದನ್ನು ಪಾಠದ ಭಾಗವಾಗಿಯೇ ಮಾಡಿವೆ. ಎಂಐಟಿಯ ಸ್ಲೋನ್ ಶಾಲೆ 2000ದಿಂದ ತನ್ನ ವಿದ್ಯಾರ್ಥಿಗಳ ತಂಡಗಳನ್ನು ಬೇರೆ ಬೇರೆ ದೇಶದ ಕಂಪನಿಗಳಿಗೆ ಕಳಿಸಿ, ಅಲ್ಲಿಯ ನಿಜವಾದ ಒಂದು ಸಮಸ್ಯೆ ಮೇಲೆ ಕೆಲಸ ಮಾಡಿಸುತ್ತೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಬಹಳ ವರ್ಷ ಕ್ಲಾಸಿನಲ್ಲಿ ಕೂತು ಕೇಸ್ ಓದಿ ಚರ್ಚೆ ಮಾಡುವುದಕ್ಕೇ ಹೆಸರುವಾಸಿ. ಅಂಥ ಶಾಲೆಯೂ 2011ರಲ್ಲಿ ಹೊಸ ಕೋರ್ಸ್ ಶುರುಮಾಡಿ, 2012ರ ಜನವರಿಯಲ್ಲಿ ಮೊದಲ ವರ್ಷದ ಸುಮಾರು 900 ಮಂದಿಯನ್ನು ತಂಡ ತಂಡವಾಗಿ ಹೊರದೇಶದ ಊರುಗಳಿಗೆ ಕಳಿಸಿತು. ಕಾಗದದ ಮೇಲೆ ಓದಿದ್ದು ಸಾಲದು, ನಿಂತು ನೋಡಬೇಕು ಅನ್ನೋದು ಅವರಿಗೂ ಅನ್ನಿಸಿತು. ಈಗ ಸಾಧಾರಣ ರಾಜ್ಯ ವಿಶ್ವವಿದ್ಯಾಲಯಗಳಲ್ಲೂ ಪದವಿ ಮಕ್ಕಳಿಗೆ ಇಂಥ ಕೋರ್ಸ್ ಇವೆ. ಅಮೆರಿಕದಿಂದ ಓದಲಿಕ್ಕೆ ಅಂತ ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೋಗುವುದು ಇಂಥ ಕೆಲವೇ ವಾರಗಳ ಪ್ರಯಾಣಕ್ಕೆ.

ನನ್ನ ಮಗಳ ಕೋರ್ಸ್ ಹೀಗಿತ್ತು. ಜನವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಂದು ಸಂಜೆ ಕ್ಲಾಸು. 1991ರ ಆರ್ಥಿಕ ಸುಧಾರಣೆ ಅಂದರೇನು, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಯಾಕೆ ಬಂತು, ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯದಲ್ಲಿ ಹೃದಯದ ಆಪರೇಷನ್ ಖರ್ಚು ಕಡಿಮೆ ಮಾಡಿದ್ದು ಹೇಗೆ, ಗುಜರಾತಿನ ಆನಂದದಲ್ಲಿ 1946ರಲ್ಲಿ ಶುರುವಾದ ಹಾಲಿನ ಸಹಕಾರ ಸಂಘ ದೇಶಕ್ಕೆಲ್ಲ ಹೇಗೆ ಹಬ್ಬಿತು, ಹೀಗೆ. ಐದು ಜನರ ತಂಡ, ತಂಡಕ್ಕೊಂದು ಪ್ರಶ್ನೆ. ಪರೀಕ್ಷೆ ಮುಗಿದ ಮೇಲೆ ಮೇ ತಿಂಗಳಲ್ಲಿ ಹತ್ತು ದಿನ ಬೆಂಗಳೂರು ಮತ್ತು ಸುತ್ತಮುತ್ತ. ವಾಪಸು ಬಂದು ವರದಿ ಬರೆದು, ಎಲ್ಲರ ಮುಂದೆ ನಿಂತು ವಿವರಿಸಿದರೆ ಮಾತ್ರ ಮಾರ್ಕ್ಸ್.

ಓದುವ ಪಟ್ಟಿಯಲ್ಲಿ ಒಂದು ವಿಷಯ ನೋಡಿ ನಾನೇ ದಂಗಾದೆ. ನಮ್ಮ ಅಡುಗೆ ಮನೆಯಲ್ಲಿ ಯಾವಾಗಲೂ ಇರುವ ಎಂಟಿಆರ್ ಪ್ಯಾಕೆಟ್ ಗೊತ್ತಲ್ಲ? 1924ರಲ್ಲಿ ಶುರುವಾದ ಮನೆತನದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಇದ್ದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿಯ ಹುಟ್ಟು ಅಂತ ಅವರು ಹೇಳ್ತಾರೆ. ಆ ಪ್ಯಾಕೆಟ್ ಮಾಡುವ ಕಂಪನಿಯನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಅನ್ನೋ ಕಂಪನಿ ಕೊಂಡುಕೊಂಡಿದೆ. ಇಷ್ಟು ವರ್ಷ ನಾನು 'ನಮ್ಮ ಬೆಂಗಳೂರಿನದು' ಅಂತ ಹೆಮ್ಮೆಯಿಂದ ಕಾರ್ಟಿಗೆ ಹಾಕ್ಕೊಂಡಿದ್ದು ಈಗ ನಾರ್ವೆಯವರದು! ಅದರಲ್ಲಿ ತಪ್ಪೇನಿಲ್ಲ, ಉಪ್ಪಿಟ್ಟಿನ ರುಚಿಯೇನೂ ಕೆಟ್ಟಿಲ್ಲ. ಆದರೆ ನಮ್ಮ ಕೈಯಲ್ಲಿರುವ ಪ್ಯಾಕೆಟ್ಟಿನ ಕಥೆ ನನಗೆ ಗೊತ್ತಿರಲಿಲ್ಲ ಅನ್ನೋದು ಮಾತ್ರ ಚುಚ್ಚಿತು.

ಈಗ ಮುಖ್ಯ ಘಟನೆಗೆ ಬರ್ತೀನಿ.

ಪ್ರವಾಸದ ಮೊದಲ ದಿನಗಳು ನಾನು ಅಂದುಕೊಂಡ ಹಾಗೇ ಇದ್ದವು. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಕ್ಯಾಂಪಸ್, ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಉಪನ್ಯಾಸ, ಒಂದು ಸ್ಟಾರ್ಟಪ್. ಎಲ್ಲ ಕಡೆ ಎಸಿ, ಎಲ್ಲ ಕಡೆ ಇಂಗ್ಲಿಷ್, ಎಲ್ಲ ಕಡೆ ಸ್ಯಾಂಡ್‌ವಿಚ್. ಐದನೇ ದಿನ ರಾಮನಗರದ ಕಡೆ ಹೋದರು. ಅಲ್ಲಿ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆ ನೋಡಿದರು. ಮಾರನೇ ದಿನ ಬೆಳಗಿನ ಜಾವ ಒಂದು ಹಳ್ಳಿಯ ಹಾಲಿನ ಡೈರಿ.

ಮಕ್ಕಳೇ, ಡೈರಿ ಅಂದ ತಕ್ಷಣ ಇಲ್ಲಿಯ ಹಾಗೆ ನೂರಾರು ಹಸುಗಳ ದೊಡ್ಡ ಫಾರ್ಮ್ ಅಂದುಕೋಬೇಡಿ. ನಮ್ಮ ಹಳ್ಳಿಗಳಲ್ಲಿ ಡೈರಿ ಅಂದರೆ ಒಂದು ಪುಟ್ಟ ಕೋಣೆ. ಬೆಳಿಗ್ಗೆ ಸಂಜೆ ಊರಿನವರು ಕ್ಯಾನಿನಲ್ಲಿ ಹಾಲು ತಂದು ಸಾಲಾಗಿ ನಿಲ್ತಾರೆ. ಒಬ್ಬರ ಹತ್ತಿರ ಒಂದು ಹಸು, ಇನ್ನೊಬ್ಬರ ಹತ್ತಿರ ಎರಡು. ಹಾಲನ್ನು ಅಳೆದು, ಸ್ವಲ್ಪ ತೆಗೆದು ಪರೀಕ್ಷೆ ಮಾಡಿ, ಅದರಲ್ಲಿ ಜಿಡ್ಡು ಎಷ್ಟಿದೆ, ನೀರು ಬೆರೆತಿದೆಯಾ ಅಂತ ನೋಡಿ ಬರೆದುಕೊಳ್ತಾರೆ. ಹಳ್ಳಿಯ ಸಂಘಗಳು ಸೇರಿ ಜಿಲ್ಲಾ ಒಕ್ಕೂಟ, ಒಕ್ಕೂಟಗಳು ಸೇರಿ ರಾಜ್ಯದ ಮಹಾಮಂಡಳಿ. ಅಜ್ಜಿ ಮನೆ ಬಾಗಿಲಿಗೆ ಬೆಳಿಗ್ಗೆ ಬರುವ ನಂದಿನಿ ಪ್ಯಾಕೆಟ್ ಹೀಗೆ ಬರುತ್ತೆ. ಕರ್ನಾಟಕದಲ್ಲಿ ಈ ವ್ಯವಸ್ಥೆ ಬೆಳೆದದ್ದು 1970ರ ದಶಕದಿಂದ ಈಚೆಗೆ.

ಮಗಳ ತಂಡಕ್ಕೆ ಕೊಟ್ಟ ಪ್ರಶ್ನೆ: ಸಣ್ಣ ರೈತರ ಹಾಲಿನ ಆದಾಯ ಹೆಚ್ಚಿಸುವುದು ಹೇಗೆ? ಅಮೆರಿಕದಲ್ಲಿ ಕೂತೇ ಅವರು ಉತ್ತರ ಸಿದ್ಧ ಮಾಡಿಕೊಂಡಿದ್ದರು. ಏನಿರಬಹುದು ಊಹಿಸಿ. ಒಂದು ಆ್ಯಪ್! ಹಾಲಿನ ರೇಟು, ಮೇವಿನ ರೇಟು ತೋರಿಸುವ ಆ್ಯಪ್. (ಇದರಲ್ಲಿ ಸಾಫ್ಟ್‌ವೇರ್ ಅಮ್ಮನ ಕೈವಾಡವೂ ಸ್ವಲ್ಪ ಇತ್ತು ಅಂತ ಒಪ್ಪಿಕೊಳ್ತೀನಿ.) ಬಣ್ಣ ಬಣ್ಣದ ಸ್ಲೈಡುಗಳೂ ತಯಾರಾಗಿದ್ದವು.

ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸನ್ನು ಪ್ರೊಫೆಸರ್ ಮಾತಾಡಿಸಿದರು. ಜೊತೆಗೆ ಬಂದಿದ್ದ ಗೈಡ್ ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರು: ಈ ಸಂಘದಿಂದ ನಿಮಗೆ ಏನು ಅನುಕೂಲ? ಆಕೆ ಒಂದೆರಡು ನಿಮಿಷ ಮಾತಾಡಿದರಂತೆ. ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ವಾಕ್ಯ: ಸಂಘದಿಂದ ಇವರಿಗೆ ತುಂಬಾ ಅನುಕೂಲ ಆಗಿದೆ, ಖುಷಿಯಾಗಿದ್ದಾರೆ.

ಎಲ್ಲರೂ ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಮಗಳು ಮಾತ್ರ ಬರೆಯಲಿಲ್ಲ. ಅವಳಿಗೆ ಆಕೆಯ ಮಾತು ಪೂರ್ತಿ ಅರ್ಥವಾಗಿರಲಿಲ್ಲ. ಆದರೆ ಗೈಡ್ ಹೇಳಿದಷ್ಟೇ ಅಲ್ಲ ಅನ್ನೋದು ಗ್ಯಾರಂಟಿ ಅರ್ಥವಾಗಿತ್ತು. ಸುಮ್ಮನಿರಲಾ, ಮಾತಾಡಲಾ? ಎಲ್ಲರ ಮುಂದೆ ತಪ್ಪು ಕನ್ನಡ ಮಾತಾಡಿದರೆ ನಗ್ತಾರಾ? ಗೈಡಿಗೆ ಬೇಜಾರಾಗುತ್ತಾ? ಇದೆಲ್ಲ ಯೋಚನೆ ಮಾಡಿ ಮಾಡಿ, ಆ ಹೆಂಗಸು ಖಾಲಿ ಕ್ಯಾನ್ ತಗೊಂಡು ಹೊರಟಾಗ ಹಿಂದೆ ಓಡಿಹೋಗಿ ಕೇಳಿದಳಂತೆ, "ಆಂಟಿ, ನೀವು ಹೇಳಿದ್ದು ಇನ್ನೊಂದು ಸಲ ಹೇಳ್ತೀರಾ? ಮೆಲ್ಲಗೆ?"

ಆಕೆಗೆ ಆಶ್ಚರ್ಯ. "ಅಯ್ಯೋ, ನಿಂಗೆ ಕನ್ನಡ ಬತ್ತದಾ ಮಗ?" ಅಂದು ಅಲ್ಲೇ ಜಗಲಿ ಮೇಲೆ ಕೂರಿಸಿಕೊಂಡು ಹೇಳಿದರಂತೆ. ಎರಡು ಹಸು ಇದ್ದವು, ಒಂದು ಹೋಯಿತು. ಉಳಿದ ಒಂದರ ಹಾಲಿನಲ್ಲೇ ಬೂಸಾ, ಹಿಂಡಿ ತರಬೇಕು, ಸತ್ತ ಹಸುವಿನ ಸಾಲದ ಕಂತನ್ನೂ ಕಟ್ಟಬೇಕು. ಡೈರಿ ಇರೋದಕ್ಕೆ ಹೇಗೋ ನಡೀತಾ ಇದೆ. ಬಟವಾಡೆ ದುಡ್ಡು ತನ್ನ ಖಾತೆಗೇ ಬರುತ್ತೆ, ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಇದು ಆಕೆ ಹೇಳಿದ್ದು. ಗೈಡ್ ಸುಳ್ಳು ಹೇಳಿರಲಿಲ್ಲ. ಅನುಕೂಲ ಆಗಿರುವುದು ನಿಜ. ಆದರೆ ಸತ್ತ ಹಸು ಆ ಒಂದು ವಾಕ್ಯದಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಮಗಳು ಬಿಸಿನೆಸ್ ವಿದ್ಯಾರ್ಥಿನಿ ಅಲ್ಲವಾ, ಮುಂದಿನ ಪ್ರಶ್ನೆ ಕೇಳಿದಳು: "ಇನ್ಶೂರೆನ್ಸ್ ಇರಲಿಲ್ವಾ?" 'ವಿಮೆ' ಅನ್ನೋ ಪದ ಅವಳಿಗೆ ಗೊತ್ತಿರಲಿಲ್ಲ, ಆದರೆ ಅದರ ಅಗತ್ಯವೂ ಬೀಳಲಿಲ್ಲ.

"ಮಾಡ್ಸಿದ್ವಿ ಕಣವ್ವ. ಓಲೆ ಬಿದ್ದೋಗಿತ್ತು. ಓಲೆ ಇಲ್ದಿದ್ರೆ ದುಡ್ಡು ಬರಾಕಿಲ್ಲ ಅಂದ್ರು."

ಇಲ್ಲಿ ನನ್ನ ಮಗಳು ಸಿಕ್ಕಿಹಾಕಿಕೊಂಡಳು. ಓಲೆ ಅಂದರೆ ಕಿವಿಗೆ ಹಾಕಿಕೊಳ್ಳುವುದು ಅಂತ ನಮ್ಮ ಶಾಲೆಯಲ್ಲಿ ಕಲಿತಿದ್ದಳು, 'ಒಡವೆಗಳು' ಪಾಠದಲ್ಲಿ. ಆ ರಾತ್ರಿ ನನಗೆ ಫೋನ್ ಮಾಡಿ, "ಅಮ್ಮಾ, ಆಂಟಿಯ ಇಯರಿಂಗ್ ಬಿದ್ದುಹೋದರೆ ಹಸುವಿನ ಇನ್ಶೂರೆನ್ಸ್ ಯಾಕೆ ಕೊಡಲ್ಲ? ಇದು ಮೂಢನಂಬಿಕೆನಾ?" ಅಂತ ಗಂಭೀರವಾಗಿ ಕೇಳಿದಳು. ನಾನೂ ಬೆಂಗಳೂರಿನವಳು, ಹಸು ಸಾಕಿದವಳಲ್ಲ, ನನಗೂ ಗೊತ್ತಾಗಲಿಲ್ಲ. ಕೊನೆಗೆ ಅಜ್ಜಿಗೆ ಫೋನ್ ಹೋಯಿತು. ಅಜ್ಜಿ ಬಿದ್ದು ಬಿದ್ದು ನಕ್ಕು, "ಹಸು ಕಿವಿಗೆ ನಂಬರ್ ಬಿಲ್ಲೆ ಹಾಕಿರ್ತಾರಲ್ಲ, ಅದು ಕಣೇ ಓಲೆ!" ಅಂದರು.

ವಿಷಯ ಇದು. ವಿಮೆ ಮಾಡಿಸಿದ ಹಸುವಿನ ಕಿವಿಗೆ ಗುರುತಿನ ಬಿಲ್ಲೆ ಹಾಕ್ತಾರೆ. ಸತ್ತದ್ದು ಅದೇ ಹಸುನಾ ಅಂತ ಖಾತ್ರಿ ಮಾಡಿಕೊಳ್ಳಲು ಆ ಬಿಲ್ಲೆ ಬೇಕು. ಬಿಲ್ಲೆ ಇಲ್ಲದಿದ್ದರೆ ಪರಿಹಾರ ಇಲ್ಲ. ವಿಮೆಯವರ ಕಡೆಯಿಂದ ನೋಡಿದರೆ ನಿಯಮಕ್ಕೆ ಕಾರಣ ಇದೆ, ಒಂದು ಹಸುವಿಗೆ ವಿಮೆ ಮಾಡಿಸಿ ಇನ್ನೊಂದನ್ನು ತೋರಿಸುವ ಮೋಸ ನಡೆಯಬಾರದು. ಆದರೆ ಹಸು ಗೋಡೆಗೋ ಬೇಲಿಗೋ ಕಿವಿ ಉಜ್ಜುತ್ತೆ, ಬಿಲ್ಲೆ ಕಿತ್ತುಹೋಗುತ್ತೆ. ತಕ್ಷಣ ತಿಳಿಸಿ ಹೊಸದು ಹಾಕಿಸಬೇಕು ಅನ್ನೋದು ಎಷ್ಟು ಜನಕ್ಕೆ ನೆನಪಿರುತ್ತೆ? ಅಂಗೈಯಗಲ ಕೂಡ ಇಲ್ಲದ ಪ್ಲಾಸ್ಟಿಕ್ ತುಂಡು ಹೋಯಿತು, ಅದರ ಜೊತೆ ಒಂದು ಮನೆಯ ಅರ್ಧ ಆದಾಯವೂ ಹೋಯಿತು.

ಮಾರನೇ ದಿನ ತಂಡದವರು ಕೂತು ಆ್ಯಪ್‌ನ ಸ್ಲೈಡುಗಳನ್ನೆಲ್ಲ ತೆಗೆದುಹಾಕಿದರು. ಡೈರಿಯ ಸೆಕ್ರೆಟರಿಗೆ ಫೋನ್ ಮಾಡಿ ಮಗಳೇ ಕನ್ನಡದಲ್ಲಿ ಮಾತಾಡಿದಳು. ಅವರ ವರದಿ ಕೊನೆಗೆ ಹೇಳಿದ್ದು ಇಷ್ಟು: ಹಾಲು ಹಾಕಲು ದಿನಾ ಡೈರಿಗೆ ಬರುವವರೇ ತಾನೇ ಹಸುವಿನ ಮಾಲೀಕರು? ಅಲ್ಲೇ ಗೋಡೆ ಮೇಲೆ ಓಲೆ ಬಗ್ಗೆ ಒಂದು ಚಿತ್ರ, ತಿಂಗಳಿಗೊಮ್ಮೆ ಬಟವಾಡೆ ದಿನ "ಓಲೆ ಇದೆಯಾ?" ಅನ್ನೋ ಒಂದು ಪ್ರಶ್ನೆ, ಬಿದ್ದುಹೋಗಿದ್ದರೆ ಬರೆದಿಡಲು ಒಂದು ಪುಸ್ತಕ. ಅಷ್ಟೇ. ಆ್ಯಪ್ ಬೇಡ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಮಾಡ್ತಾ ಇರುವ ನನಗೂ ಅದು ಒಳ್ಳೆಯ ಪಾಠ. ಬಳಸುವವರನ್ನು ಕೇಳದೆ ಮಾಡಿದ ಎಷ್ಟು ಪ್ರಾಜೆಕ್ಟು ಕಸದ ಬುಟ್ಟಿಗೆ ಹೋಗಿದ್ದನ್ನು ನಾನೇ ನೋಡಿಲ್ಲ!

ಆ ವರದಿಯನ್ನು ಡೈರಿಗೂ ಕಳಿಸಿದ್ದಾರೆ. ಅವರು ಮಾಡಿದರೋ ಇಲ್ಲವೋ ಇನ್ನೂ ತಿಳಿದಿಲ್ಲ. ಆ ಹೆಂಗಸಿನ ಸಾಲವಂತೂ ಇದರಿಂದ ತೀರಿಲ್ಲ. "ಆಂಟಿಗೆ ನಾವು ಏನೂ ಮಾಡಲಿಲ್ಲ ಅಮ್ಮಾ, ಅವರೇ ನಮಗೆ ಮಾರ್ಕ್ಸ್ ಕೊಡಿಸಿದ್ದು" ಅಂತ ಮಗಳು ಈಗಲೂ ಹೇಳ್ತಾಳೆ. ಅದನ್ನು ನಾನು ಸಮಾಧಾನ ಹೇಳಿ ಮುಚ್ಚಿಹಾಕೋಕೆ ಹೋಗಿಲ್ಲ. ಅವಳಿಗೆ ಆ ಭಾರ ಸ್ವಲ್ಪ ದಿನ ಇರಲಿ.

ಇನ್ನೊಂದು ಸಣ್ಣ ಸಂಗತಿ. ಪ್ರವಾಸದಲ್ಲಿ ಒಂದು ಮಧ್ಯಾಹ್ನ ಬಿಡುವಿತ್ತು. ಇಬ್ಬರು ಗೆಳತಿಯರನ್ನು ಕರೆದುಕೊಂಡು ಮಗಳು ಹನುಮಂತನಗರಕ್ಕೆ ಹೋದಳು. ಅಜ್ಜಿ ಚಿತ್ರಾನ್ನ, ಕೋಸಂಬರಿ ಮಾಡಿಟ್ಟಿದ್ದರು. ಊಟ ಆದ ಮೇಲೆ, ಅದುವರೆಗೂ ಯಾವ ರಜೆಯಲ್ಲೂ ಕೇಳದ ಒಂದು ಪ್ರಶ್ನೆ ಮಗಳು ಕೇಳಿದಳು: "ಅಜ್ಜಿ, ನೀವು ಯಾವತ್ತಾದರೂ ಬಿಸಿನೆಸ್ ಮಾಡಿದ್ದೀರಾ?"

"ಬಿಸಿನೆಸ್ಸೂ ಇಲ್ಲ ಏನೂ ಇಲ್ಲ. ಚೀಟಿ ನಡೆಸ್ತಿದ್ದೆ ಅಷ್ಟೆ" ಅಂದರು ಅಜ್ಜಿ.

ಚೀಟಿ ಅಂದರೇನು ಅಂತ ಮಕ್ಕಳಿಗಾಗಿ ಬರೀತೀನಿ, ಲೆಕ್ಕ ಹಾಕಿ ನೋಡಿ. ಬೀದಿಯ 20 ಹೆಂಗಸರು ತಿಂಗಳಿಗೆ 500 ರೂಪಾಯಿ ಹಾಕ್ತಾರೆ. ಒಟ್ಟು 10,000. ಪ್ರತಿ ತಿಂಗಳು ಆ ಹಣ ಒಬ್ಬರಿಗೆ. ಯಾರಿಗೆ? ತುರ್ತಾಗಿ ಬೇಕಾದವರು ಹರಾಜಿನಲ್ಲಿ ಕೂಗ್ತಾರೆ, "ನನಗೆ 8,500 ಕೊಟ್ಟರೆ ಸಾಕು." ಉಳಿದ 1,500 ರೂಪಾಯಿ 20 ಜನಕ್ಕೂ 75ರಂತೆ ಹಂಚಿಕೆ. ಅವಸರ ಇದ್ದವರಿಗೆ ಬ್ಯಾಂಕಿಗೆ ಅಲೆಯದೆ ಸಾಲ ಸಿಕ್ಕಿತು, ಅವಸರ ಇಲ್ಲದವರಿಗೆ ಬಡ್ಡಿ ಸಿಕ್ಕಿತು. 20 ತಿಂಗಳಿಗೆ ಎಲ್ಲರ ಸರದಿಯೂ ಮುಗಿಯುತ್ತೆ. ನಡೆಸುವವರ ಜವಾಬ್ದಾರಿಗೆ ಪ್ರತಿಫಲವಾಗಿ ಮೊದಲ ತಿಂಗಳ ಚೀಟಿ ಪೂರ್ತಿ ಅವರದು.

ಮಗಳ ಗೆಳತಿಯೊಬ್ಬಳು ಕೇಳಿದಳಂತೆ, "ಹಣ ತಗೊಂಡವರು ಆಮೇಲೆ ಕಟ್ಟದೇ ಹೋದರೆ?" ಮಗಳು ಅದನ್ನು ಕನ್ನಡದಲ್ಲಿ ಕೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ, "ಒಂದು ಸಲ ಹಾಗಾಯ್ತು. ಮನೆ ಖಾಲಿ ಮಾಡಿಕೊಂಡು ಹೊರಟುಹೋದರು. ಬಾಕಿ ಕಂತೆಲ್ಲ ನಾನೇ ಕಟ್ಟಿದೆ, ಬಳೆ ಅಡ ಇಟ್ಟು. ಇಪ್ಪತ್ತು ಮನೆಯವರು ನನ್ನ ಮುಖ ನೋಡಿ ದುಡ್ಡು ಕೊಟ್ಟಿದ್ದರು, ಬ್ಯಾಂಕ್ ನೋಡಿ ಅಲ್ಲ."

ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮನ ಕೈಯಲ್ಲಿ ಒಂದು ವರ್ಷ ಚಿನ್ನದ ಬಳೆ ಇರಲಿಲ್ಲ. ಅಕ್ಕಸಾಲಿಗರ ಹತ್ತಿರ ರಿಪೇರಿಗೆ ಕೊಟ್ಟಿದೆ ಅಂದಿದ್ದರು, ನಾನು ನಂಬಿದ್ದೆ. ಮೂವತ್ತು ವರ್ಷದ ನಂತರ ನಿಜ ತಿಳಿಯಿತು, ಅದೂ ಮಗಳ ಹೋಮ್‌ವರ್ಕ್‌ನಿಂದ. ನಾನು ಯಾಕೆ ಕೇಳಲಿಲ್ಲ? ನಾನು ಮಗಳಾಗಿ ಆ ಮನೆಯಲ್ಲಿ ಇದ್ದೆ, ವಿದ್ಯಾರ್ಥಿಯಾಗಿ ಇರಲಿಲ್ಲ. ನಮ್ಮದು ಅಂದುಕೊಂಡದ್ದನ್ನು ನಾವು ಪ್ರಶ್ನೆ ಕೇಳೋದಿಲ್ಲ. ಬೆಂಗಳೂರಿಗೆ ಎಂಟು ಸಲ ಹೋಗಿಬಂದವಳು ಒಂಬತ್ತನೇ ಸಲ 'ಸ್ಟಡಿ ಟ್ರಿಪ್' ಅಂತ ಹೋದದ್ದಕ್ಕೆ ಅರ್ಥ ಇದ್ದದ್ದು ಇಲ್ಲೇ.

ಹಾಗಂತ ಇಂಥ ಕೋರ್ಸ್‌ಗಳನ್ನು ನಾನು ಕಣ್ಣು ಮುಚ್ಚಿ ಹೊಗಳುತ್ತಿಲ್ಲ. ಕೆಲವು ಮಾತು ನೇರವಾಗಿ ಹೇಳಬೇಕು.

ಒಂದು, ಖರ್ಚು. ಎಲ್ಲ ಮನೆಗೂ ಇದು ಸಾಧ್ಯವಿಲ್ಲ.  ವಿಶ್ವವಿದ್ಯಾಲಯಗಳು ತಮ್ಮದೇ ನೆರವು ಇಟ್ಟಿರುತ್ತವೆ. ಕೇಳದೆ ಯಾರೂ ಕರೆದು ಕೊಡೋದಿಲ್ಲ. ಆದರೂ ಸಾಲ ಮಾಡಿ ಹೋಗುವಷ್ಟು ದೊಡ್ಡ ವಿಷಯ ಇದಲ್ಲ.

ಎರಡು, ಹತ್ತು ದಿನದಲ್ಲಿ ಯಾವ ದೇಶವೂ ಅರ್ಥವಾಗುವುದಿಲ್ಲ. ಎಸಿ ಬಸ್ಸಿನ ಕಿಟಕಿಯಿಂದ ಬಡತನದ ಫೋಟೋ ತೆಗೆದು ಬಂದರೆ ಅದು ಓದಲ್ಲ. ಸೇರುವ ಮುಂಚೆ ಕೇಳಿ: ಹೋಗುವ ಮುಂಚೆ ಎಷ್ಟು ವಾರ ಪಾಠ ಇದೆ? ಅಲ್ಲಿ ಯಾರನ್ನು ಭೇಟಿ ಮಾಡಿಸ್ತಾರೆ, ಬರೀ ಮ್ಯಾನೇಜರ್‌ಗಳನ್ನಾ? ಬಂದ ಮೇಲೆ ಏನು ಬರೆಯಬೇಕು? ಕ್ರೆಡಿಟ್ ನಿಮ್ಮ ಪದವಿಗೆ ಲೆಕ್ಕಕ್ಕೆ ಬರುತ್ತಾ? ಈ ನಾಲ್ಕಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ, ಅದು ಕ್ರೆಡಿಟ್ ಹಚ್ಚಿದ ಟೂರ್ ಅಷ್ಟೆ.

ಮೂರು, ಎಲ್ಲರೂ ಬೆಂಗಳೂರಿಗೇ ಹೋಗಬೇಕು ಅಂತಲೂ ನಾನು ಹೇಳುವುದಿಲ್ಲ. ವಿಯೆಟ್ನಾಮಿಗೆ, ಚಿಲಿಗೆ ಹೋಗುವ ಅವಕಾಶ ಬಂದರೆ ಸಂತೋಷವಾಗಿ ಹೋಗಿ. ಆದರೆ ಅಲ್ಲಿಯೂ ಒಬ್ಬರು ಎರಡು ನಿಮಿಷ ಮಾತಾಡ್ತಾರೆ, ಗೈಡ್ ಒಂದು ವಾಕ್ಯ ಹೇಳ್ತಾರೆ. ಉಳಿದದ್ದು ಎಲ್ಲಿ ಹೋಯಿತು ಅಂತ ಅನುಮಾನ ಪಡುವ ಮಕ್ಕಳು ಯಾರು? ಮನೆಯಲ್ಲಿ ಎರಡು ಭಾಷೆ ಇರುವವರು, ಅಂದರೆ ನೀವು.

ಈಗ ನಮ್ಮ ಶಾಲೆಯ ವಿಷಯ. ಇಲ್ಲಿ ನನ್ನದೇ ಕಿವಿ ಹಿಂಡಿಕೊಳ್ಳಬೇಕು. ನಾವು ಮಕ್ಕಳಿಗೆ ಏನು ಕಲಿಸ್ತಾ ಇದ್ದೀವಿ? ಬಣ್ಣಗಳು, ಪ್ರಾಣಿಗಳು, ಹಬ್ಬಗಳು, ಒಡವೆಗಳು. ಎಲ್ಲ ಬೇಕಾದದ್ದೇ. ಆದರೆ ದುಡಿಮೆಯ ಕನ್ನಡ ಎಲ್ಲಿ? ಏಳು ವರ್ಷ ಕಲಿತ ಹುಡುಗಿಗೆ ಸಾಲ, ಬಡ್ಡಿ, ಕಂತು, ಅಡ, ಲಾಭ, ನಷ್ಟ, ಬಾಕಿ, ರಸೀದಿ, ಕೂಲಿ, ಹರಾಜು, ಬಟವಾಡೆ ಗೊತ್ತಿರಲಿಲ್ಲ. ಕನ್ನಡದಲ್ಲಿ ಹಾಡಬಲ್ಲಳು, ಹಬ್ಬದ ಬಗ್ಗೆ ಐದು ವಾಕ್ಯ ಹೇಳಬಲ್ಲಳು. ಕನ್ನಡದಲ್ಲಿ ಬದುಕು ನಡೆಸುವವರ ಕಷ್ಟ ಕೇಳಲು ಪದ ಇರಲಿಲ್ಲ. ಭಾಷೆಯನ್ನು ನಾವು ರೇಷ್ಮೆ ಸೀರೆಯ ಹಾಗೆ ಬೀರುವಿನಲ್ಲಿಟ್ಟು ರಾಜ್ಯೋತ್ಸವಕ್ಕೆ ಮಾತ್ರ ತೆಗೆದರೆ, ಅದು ಕೆಲಸಕ್ಕೆ ಬರುವುದು ಹೇಗೆ?

ಅದಕ್ಕೇ ಈ ವರ್ಷದಿಂದ ಮೂರನೇ ಹಂತದಲ್ಲಿ 'ಸಂತೆ' ಅಂತ ಒಂದು ಪಾಠ ಸೇರಿಸಿದ್ದೀವಿ. ಮಕ್ಕಳೇ ಅಂಗಡಿ ಇಡ್ತಾರೆ, ಚೌಕಾಸಿ ಮಾಡ್ತಾರೆ, ಲೆಕ್ಕ ಬರೀತಾರೆ. ಮೊದಲ ವಾರ ಒಬ್ಬ ಹುಡುಗ ನಿಂಬೆಹಣ್ಣು ಸಾಲ ಕೊಟ್ಟು ದಿವಾಳಿಯಾದ. ಎರಡನೇ ವಾರದಿಂದ "ಇವತ್ತು ನಗದು, ನಾಳೆ ಸಾಲ" ಅಂತ ಬೋರ್ಡ್ ಬರೆದು ತಂದ! ದೊಡ್ಡ ಹಂತಗಳಲ್ಲೂ ಇಂಥದ್ದು ಬರಲಿ ಅನ್ನೋದು ನನ್ನ ಬೇಡಿಕೆ. ಬ್ಯಾಂಕು, ಆಸ್ಪತ್ರೆ, ಕೃಷಿ, ಕಾರ್ಖಾನೆ ಬಗ್ಗೆ ಮಾತಾಡಬಲ್ಲ ಪೋಷಕರು ನಮ್ಮಲ್ಲೇ ಇದ್ದಾರೆ. ತಿಂಗಳಿಗೊಬ್ಬರು ಬಂದು ನಿಮ್ಮ ಕೆಲಸವನ್ನು ಕನ್ನಡದಲ್ಲಿ ವಿವರಿಸಿ. ಕಷ್ಟ ಆಗುತ್ತೆ, ನನಗೂ ಆಯಿತು. ಕಷ್ಟ ಆಗುವುದೇ ಅದು ಬೇಕು ಅನ್ನೋದಕ್ಕೆ ಗುರುತು.

ಪೋಷಕರೇ, 3,200 ಡಾಲರ್ ಇಲ್ಲದೆಯೂ ಸ್ಟಡಿ ಟ್ರಿಪ್ ಸಾಧ್ಯ. ಮುಂದಿನ ಬೇಸಿಗೆಗೆ ಊರಿಗೆ ಹೇಗೂ ಟಿಕೆಟ್ ಮಾಡಿಸಿರ್ತೀರಿ. ಮೂರು ವಾರದಲ್ಲಿ ಎರಡು ದಿನ ಮಾಲ್ ಮತ್ತು ನೆಂಟರ ಮನೆಯಿಂದ ಉಳಿಸಿ. ಹುಬ್ಬಳ್ಳಿಯಾಗಲಿ, ಮಂಗಳೂರಾಗಲಿ, ಶಿರಸಿಯಾಗಲಿ, ನಿಮ್ಮ ಊರಿನ ಡೈರಿ, ಅಡಿಕೆ ಮಂಡಿ, ಮೀನಿನ ಮಾರ್ಕೆಟ್, ಮಗ್ಗದ ಮನೆ, ಪ್ರಿಂಟಿಂಗ್ ಪ್ರೆಸ್, ಯಾವುದಾದರೂ ಒಂದು ಕಡೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹೋದಮೇಲೆ ದಯವಿಟ್ಟು ನೀವು ಗೈಡ್ ಆಗಬೇಡಿ. ಮಗು ತಡವರಿಸುತ್ತಾ ಕೇಳಲಿ, ಅವರು ನಗಲಿ, ಮತ್ತೆ ಕೇಳಲಿ.

ಮಕ್ಕಳೇ, ನಿಮಗೆ ಒಂದು ಪುಟ್ಟ ನೋಟ್‌ಬುಕ್ ಮತ್ತು ಮೂರು ಪ್ರಶ್ನೆ ಸಾಕು. ಇದು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ? ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ? ಏನು ಕೆಟ್ಟರೆ ಇವರ ಕೆಲಸ ನಿಲ್ಲುತ್ತೆ? ಮೂರನೇ ಪ್ರಶ್ನೆ ಮರೀಬೇಡಿ, ಸತ್ತ ಹಸು, ಬಿದ್ದ ಓಲೆ ಸಿಗೋದು ಅದರಲ್ಲೇ. ಗೊತ್ತಿಲ್ಲದ ಪದ ಬಂದರೆ ಕೇಳಿದ ಹಾಗೇ ಬರೆದುಕೊಳ್ಳಿ, ಒತ್ತಕ್ಷರ ತಪ್ಪಾದರೂ ಪರವಾಗಿಲ್ಲ. (ಈ ಮಾತನ್ನು ನಾನು ಬರೆದಿದ್ದೀನಿ ಅಂತ ತರಗತಿಯಲ್ಲಿ ನನಗೆ ತೋರಿಸಬೇಡಿ!) ಮುಂದಿನ ವರ್ಷದ ಪತ್ರಿಕೆಗೆ ಆ ನೋಟ್‌ಬುಕ್ಕಿನ ಒಂದೊಂದು ಪುಟ ಕಳಿಸಿ. ನನ್ನ ಲೇಖನದ ಜಾಗವನ್ನು ನಿಮಗೇ ಬಿಟ್ಟುಕೊಡ್ತೀನಿ.

ಅಜ್ಜಿ ಊರಿಗೆ ಮೂರು ಕ್ರೆಡಿಟ್ಟಾ ಅಂತ ನಕ್ಕಿದ್ದೆ. ಈಗ ಅನ್ನಿಸುತ್ತೆ, ನಾನು ಇಪ್ಪತ್ತೆರಡು ವರ್ಷ ಆ ಊರಿನಲ್ಲಿದ್ದು ಒಂದು ಕ್ರೆಡಿಟ್ಟಿನಷ್ಟೂ ಓದಲಿಲ್ಲ. ಡಿಸೆಂಬರ್‌ನಲ್ಲಿ ಹೋಗ್ತಾ ಇದ್ದೀನಿ. ಈ ಸಲ ಅಮ್ಮನ ಪಕ್ಕ ಕೂತು ಚೀಟಿ ಲೆಕ್ಕದ ಹಳೇ ಪುಸ್ತಕ ತೆಗೆಸಬೇಕು ಅಂತಿದೆ. ಇನ್ನೂ ಇಟ್ಟಿದ್ದಾರಂತೆ.

— ಮೂರನೇ ಹಂತದ ಶಿಕ್ಷಕಿ, ಪೋಷಕ ಸ್ವಯಂಸೇವಕಿ